ಬೆರಕೆಯ ಲೆಕ್ಕವೂ ಪುಟದ ಲೆಕ್ಕವೂ

ಕಳೆದ ಯುಗಾದಿಯ ಮಾರನೆಯ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಗದ್ದಲವಾಯಿತು. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಲಯದಿಂದ ಹಬ್ಬಕ್ಕೆಂದು ಬಂದಿದ್ದ ಕಿರಿಯ ಮಗಳ ಬಟ್ಟೆಗಳನ್ನು ಒಗೆಯಲು ತೆಗೆಯುತ್ತಿದ್ದಾಗ, ನಮ್ಮ ಗೃಹಿಣಿಗೆ ಒಂದು ಅಂಗಿಯ ಜೇಬಿನಲ್ಲಿ ಮಡಿಸಿದ ಕಾಗದವೊಂದು ಸಿಕ್ಕಿತು. ಅದರ ತುಂಬ ಅಂಕೆಗಳು. ನಾಲ್ಕೈದಲ ಇಪ್ಪತ್ತು, ನಾಲ್ಕಾರಲ ಇಪ್ಪತ್ತನಾಲ್ಕು, ಮೂರಾರಲ ಹದಿನೆಂಟು ಎಂದು ಸಾಲಾಗಿ ಬರೆದು, ಕೂಡಿ, ಭಾಗಿಸಿ, ಕಟ್ಟಕಡೆಗೆ ೭.೬೩ ಎಂಬ ಅಂಕೆಯ ಕೆಳಗೆ ಎರಡು ಗೀಟುಗಳನ್ನೆಳೆದು, ಪಕ್ಕದಲ್ಲಿ ಒಂದು ಪ್ರಶ್ನಚಿಹ್ನೆಯನ್ನು ಹಾಕಿತ್ತು. ಆಕೆ ಆ ಕಾಗದವನ್ನು ನಮ್ಮ ಮುಂದೆ ಹಿಡಿದು, “ಇದೇನು, ಅಕ್ಕಸಾಲಿಗನ ಚೀಟಿಯ ಹಾಗಿದೆಯಲ್ಲ! ಮಗು ಕೈಬಳೆಯನ್ನೇನಾದರೂ ಅಡವಿಟ್ಟಿತೋ?” ಎಂದು ಗಾಬರಿಗೊಂಡಳು. ನಾವು ನಕ್ಕುಬಿಟ್ಟೆವು. ಆದರೆ ಆಕೆಯ ಊಹೆ ಸತ್ಯಕ್ಕೆ ಎಷ್ಟು ಸಮೀಪವಾಗಿತ್ತೆಂಬುದು ಮೂರು ದಿನ ಕಳೆದ ಮೇಲೆ ನಮಗೆ ಗೊತ್ತಾಯಿತು.

ಸಾಯಂಕಾಲ ಜಗಲಿಯ ಮೇಲೆ ಕುಳಿತಿದ್ದಾಗ ಮಗಳನ್ನು ಕರೆದು ಕಾಗದವನ್ನು ಕೊಟ್ಟೆವು. ಅವಳು ಅದನ್ನು ನೋಡಿ ತಲೆ ತಗ್ಗಿಸಿದಳು. ಆ ವರೆಗೆ ಮೂರು ಸೆಮಿಸ್ಟರುಗಳ ಪರೀಕ್ಷೆಗಳಾಗಿದ್ದವು. ಪ್ರತಿಸಾರಿಯೂ ನಾವು ದೂರವಾಣಿಯಲ್ಲಿ “ಪಾಸಾಯಿತೆ?” ಎಂದು ಕೇಳುವುದು, ಅವಳು “ಆಯಿತು” ಎನ್ನುವುದು, ನಾವು “ಸಂತೋಷ” ಎನ್ನುವುದು, ಇಷ್ಟರಲ್ಲಿಯೇ ವ್ಯವಹಾರ ಮುಗಿಯುತ್ತಿತ್ತು. ಈಗ ಅವಳು ಮೆಲ್ಲನೆ ಹೇಳಿದಳು: “ಅಪ್ಪಾ, ಎಲ್ಲದರಲ್ಲಿಯೂ ಪಾಸಾಗಿದ್ದೇನೆ. ಆದರೆ ಸಿ.ಜಿ.ಪಿ.ಎ. ೬.೩೭. ಆರನೆಯ ಸೆಮಿಸ್ಟರು ಮುಗಿಯುವ ಹೊತ್ತಿಗೆ ಏಳು ಇಲ್ಲದಿದ್ದರೆ ನಮ್ಮ ಕಾಲೇಜಿಗೆ ಬರುವ ಕಂಪನಿಗಳಲ್ಲಿ ಮುಕ್ಕಾಲು ಪಾಲು ನಮ್ಮನ್ನು ಪರೀಕ್ಷೆಗೆ ಕೂರಿಸುವುದೇ ಇಲ್ಲ. ಓದಿ ಇನ್ನೇನು ಪ್ರಯೋಜನ? ಇದನ್ನು ಇಲ್ಲಿಗೇ ಬಿಟ್ಟು ಎಲ್ಲಿಯಾದರೂ ಕೆಲಸಕ್ಕೆ ಸೇರಿಬಿಡಲೇ ಎಂದು ಯೋಚಿಸುತ್ತಿದ್ದೇನೆ.”

ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ, ಸಾವಿರಾರು ಮಕ್ಕಳ ಅಂಕಪಟ್ಟಿಗಳಿಗೆ ರುಜು ಹಾಕಿ ನಿವೃತ್ತರಾದ ನಮಗೆ ಆ ಮಾತಿಗೆ ತಕ್ಷಣ ಉತ್ತರ ತೋರಲಿಲ್ಲ. ಏಕೆಂದರೆ ಸಿ.ಜಿ.ಪಿ.ಎ. ಎಂದರೇನೆಂಬುದೇ ನಮಗೆ ಸರಿಯಾಗಿ ತಿಳಿದಿರಲಿಲ್ಲ. ಆರುನೂರ ಇಪ್ಪತ್ತೈದಕ್ಕೆ ಎಷ್ಟು ಬಂತು, ನೂರಕ್ಕೆ ಎಷ್ಟಾಯಿತು ಎಂಬ ಎಸ್.ಎಸ್.ಎಲ್.ಸಿ. ಲೆಕ್ಕದಲ್ಲಿಯೇ ನಮ್ಮ ಬಾಳು ಸವೆದಿತ್ತು. ಮಗಳ ಭವಿಷ್ಯ ಯಾವ ಅಂಕೆಯ ಮೇಲೆ ನಿಂತಿದೆಯೋ ಆ ಅಂಕೆ ಹುಟ್ಟುವ ಬಗೆ ತಂದೆಗೆ ಗೊತ್ತಿಲ್ಲವೆಂದರೆ ಅದು ನಾಚಿಕೆಯ ಸಂಗತಿಯಲ್ಲವೆ? “ಮೂರು ದಿನ ತಾಳು. ನಮಗೆ ಈ ಲೆಕ್ಕವನ್ನು ಹೇಳಿಕೊಡು. ಆಮೇಲೆ ಬಿಡುವ ಮಾತು” ಎಂದೆವು. ಹೀಗೆ ನಾವು ಈ ವಯಸ್ಸಿನಲ್ಲಿ ಮಗಳ ಶಿಷ್ಯರಾದೆವು. ಆ ಮೂರು ಸಂಜೆಗಳಲ್ಲಿ ಕಲಿತುದನ್ನು, ನಮ್ಮಂತೆಯೇ ಮಕ್ಕಳನ್ನು ಕಾಲೇಜಿಗೆ ಕಳುಹಿಸಿ ಕಣ್ಣು ಕಟ್ಟಿದಂತಿರುವ ಗೃಹಸ್ಥರಿಗೆ ಒಪ್ಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪದ್ಧತಿಯ ವಿಚಾರ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ವರ್ಷವನ್ನು ಎರಡು ಸೆಮಿಸ್ಟರುಗಳಾಗಿ ಒಡೆದಿದ್ದಾರೆ. ಪ್ರತಿಯೊಂದು ವಿಷಯಕ್ಕೂ ‘ಕ್ರೆಡಿಟ್ಟು’ ಎಂಬ ಒಂದು ತೂಕವಿದೆ. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್ಟು, ಎರಡು ಗಂಟೆಗಳ ಪ್ರಯೋಗಕ್ಕೆ ಒಂದು ಕ್ರೆಡಿಟ್ಟು ಎಂಬುದು ಸಾಮಾನ್ಯ ನಿಯಮ. ಪರೀಕ್ಷೆಯಲ್ಲಿ ಬಂದ ಅಂಕಗಳನ್ನು ಇದ್ದಂತೆಯೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವುಗಳನ್ನು ಅಕ್ಷರದ ದರ್ಜೆಗಳಾಗಿ ಮಾಡಿ, ಒಂದೊಂದು ದರ್ಜೆಗೂ ಹತ್ತರೊಳಗೆ ಒಂದು ಅಂಶವನ್ನು ಕೊಡುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೫ರ ಸುಮಾರಿನಲ್ಲಿ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ಹರಡಿದಾಗ ಸೂಚಿಸಿದ ಕ್ರಮ ಹೀಗಿದೆ: ‘ಓ’ ದರ್ಜೆಗೆ ೧೦, ‘ಎ ಪ್ಲಸ್’ಗೆ ೯, ‘ಎ’ಗೆ ೮, ‘ಬಿ ಪ್ಲಸ್’ಗೆ ೭, ‘ಬಿ’ಗೆ ೬, ‘ಸಿ’ಗೆ ೫, ಬರಿಯ ಪಾಸಿಗೆ ೪, ನಪಾಸಿಗೆ ಸೊನ್ನೆ.

ಹೀಗೆ ವಿದ್ಯಾರ್ಥಿಗಳನ್ನು ದರ್ಜೆಗಳಾಗಿ ವಿಂಗಡಿಸುವ ವಾಡಿಕೆ ಹೊಸದೇನೂ ಅಲ್ಲ. ಅಮೆರಿಕದ ಯೇಲ್ ವಿದ್ಯಾಲಯದ ಅಧ್ಯಕ್ಷನಾಗಿದ್ದ ಎಜ್ರಾ ಸ್ಟೈಲ್ಸ್ ಎಂಬಾತನು ೧೭೮೫ರಲ್ಲಿಯೇ ಪರೀಕ್ಷೆಗೆ ಬಂದ ೫೮ ಮಂದಿಯನ್ನು ಲ್ಯಾಟಿನ್ ಹೆಸರುಗಳ ನಾಲ್ಕು ದರ್ಜೆಗಳಾಗಿ ಹಂಚಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ದೇಶದಲ್ಲಿ ಈಗಲೂ ಸರಾಸರಿಯ ಮಾನ ಬಹುಮಟ್ಟಿಗೆ ನಾಲ್ಕರದು, ನಮ್ಮಲ್ಲಿ ಹತ್ತರದು. ಮಾನ ಯಾವುದಾದರೂ ಆಗಲಿ, ಸರಾಸರಿಯನ್ನು ತೆಗೆಯುವ ರೀತಿ ಒಂದೇ.

ಆ ರೀತಿಯನ್ನು ನಮ್ಮ ಮಗಳ ಮೊದಲನೆಯ ಸೆಮಿಸ್ಟರಿನ ಪಟ್ಟಿಯಿಂದಲೇ ತೋರಿಸುತ್ತೇವೆ. ಗಣಿತಕ್ಕೆ ೪ ಕ್ರೆಡಿಟ್ಟು, ಬಂದ ಅಂಶ ೫. ಭೌತಶಾಸ್ತ್ರಕ್ಕೆ ೪, ಬಂದದ್ದು ೬. ವಿದ್ಯುತ್ತಿನ ವಿಷಯಕ್ಕೆ ೩, ಬಂದದ್ದು ೬. ಯಂತ್ರಶಾಸ್ತ್ರಕ್ಕೂ ಗಣಕಕ್ಕೂ ಮೂರು ಮೂರು, ಬಂದದ್ದು ಏಳು ಏಳು. ಇಂಗ್ಲಿಷಿಗೂ ಪ್ರಯೋಗಶಾಲೆಗೂ ಒಂದೊಂದು, ಬಂದದ್ದು ಒಂಬತ್ತೊಂಬತ್ತು. ಕನ್ನಡಕ್ಕೆ ಒಂದು, ಬಂದದ್ದು ಹತ್ತಕ್ಕೆ ಹತ್ತು. ಈ ಪಟ್ಟಿಯನ್ನು ನೋಡಿ ನಮ್ಮ ಗೃಹಿಣಿಯು ಎಂಟು ಅಂಶಗಳನ್ನೂ ಕೂಡಿ ಎಂಟರಿಂದ ಭಾಗಿಸಿ, “ಏಳಕ್ಕೆ ಮೇಲೆಯೇ ಇದೆಯಲ್ಲ!” ಎಂದಳು. ಹಾಗೆ ಮಾಡಿದರೆ ೭.೩೮ ಬರುವುದು ನಿಜ. ಆದರೆ ಲೆಕ್ಕ ಹಾಗಲ್ಲ. ಪ್ರತಿಯೊಂದು ಅಂಶವನ್ನೂ ಅದರ ಕ್ರೆಡಿಟ್ಟಿನಿಂದ ಗುಣಿಸಬೇಕು: ೨೦, ೨೪, ೧೮, ೨೧, ೨೧, ೯, ೯, ೧೦. ಒಟ್ಟು ೧೩೨. ಕ್ರೆಡಿಟ್ಟುಗಳ ಒಟ್ಟು ೨೦. ಭಾಗಿಸಿದರೆ ೬.೬೦. ಕನ್ನಡದ ಹತ್ತು ಎಷ್ಟೇ ಹೊಳೆದರೂ ಅದರ ತೂಕ ಒಂದು. ಗಣಿತದ ಐದು ಎಷ್ಟೇ ಮಂಕಾದರೂ ಅದರ ತೂಕ ನಾಲ್ಕು.

ಇದು ಒಂದು ಸೆಮಿಸ್ಟರಿನ ಸರಾಸರಿ. ಇದಕ್ಕೆ ಎಸ್.ಜಿ.ಪಿ.ಎ. ಎಂದು ಹೆಸರು. ಎಲ್ಲ ಸೆಮಿಸ್ಟರುಗಳ ಗುಣಲಬ್ಧಗಳನ್ನೂ ಒಟ್ಟಿಗೆ ಕೂಡಿ, ಎಲ್ಲ ಕ್ರೆಡಿಟ್ಟುಗಳ ಒಟ್ಟಿನಿಂದ ಭಾಗಿಸಿದರೆ ಬರುವುದು ಸಿ.ಜಿ.ಪಿ.ಎ., ಅಂದರೆ ಸಂಚಿತವಾದ ಸರಾಸರಿ. ಎರಡನೆಯ ಸೆಮಿಸ್ಟರಿನಲ್ಲಿ ಮಗಳಿಗೆ ೬.೨೦, ಮೂರನೆಯದರಲ್ಲಿ ೬.೩೦. ಪ್ರತಿಯೊಂದಕ್ಕೂ ೨೦ ಕ್ರೆಡಿಟ್ಟುಗಳಾದುದರಿಂದ ಗುಣಲಬ್ಧಗಳು ೧೩೨, ೧೨೪, ೧೨೬. ಒಟ್ಟು ೩೮೨. ಅರವತ್ತರಿಂದ ಭಾಗಿಸಿದರೆ ೬.೩೭.

ಇಷ್ಟು ಹೊತ್ತಿಗೆ ನಮಗೆ ಏನೋ ಹಳೆಯ ಪರಿಚಯದ ಮುಖವನ್ನು ಕಂಡಂತಾಗತೊಡಗಿತು. ಎರಡನೆಯ ಸಂಜೆ ಎದ್ದು ಹೋಗಿ ಅಟ್ಟದ ಮೇಲಿದ್ದ ‘ಲೀಲಾವತಿ’ಯನ್ನು ಧೂಳು ಕೊಡವಿ ತಂದೆವು. ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯ ಭಾಗವಾದ ಈ ಗ್ರಂಥದಲ್ಲಿ ಸುವರ್ಣಗಣಿತವೆಂಬ ಒಂದು ಪ್ರಕರಣವಿದೆ. ಬೇರೆ ಬೇರೆ ಬಣ್ಣದ, ಎಂದರೆ ಬೇರೆ ಬೇರೆ ಶುದ್ಧತೆಯ, ಚಿನ್ನದ ತುಂಡುಗಳನ್ನು ಒಟ್ಟಿಗೆ ಕರಗಿಸಿದರೆ ಬರುವ ಗಟ್ಟಿಯ ಬಣ್ಣವೇನು ಎಂಬುದು ಅಲ್ಲಿಯ ವಿಚಾರ. ನಿಯಮದ ತಾತ್ಪರ್ಯ ಇಷ್ಟು: ಒಂದೊಂದು ತುಂಡಿನ ತೂಕವನ್ನೂ ಅದರ ಬಣ್ಣದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿ, ಚಿನ್ನದ ಒಟ್ಟು ತೂಕದಿಂದ ಭಾಗಿಸು. ಭಾಸ್ಕರನು ಕೊಟ್ಟಿರುವ ಉದಾಹರಣೆಯಲ್ಲಿ ಹದಿಮೂರು ಬಣ್ಣದ ಚಿನ್ನ ೧೦ ಮಾಷ, ಹನ್ನೆರಡರದು ೪, ಹನ್ನೊಂದರದು ೨, ಹತ್ತರದು ೪. ಗುಣಿಸಿ ಕೂಡಿದರೆ ೨೪೦, ತೂಕ ೨೦, ಬೆರಕೆಯ ಬಣ್ಣ ೧೨. ಮಾಷದ ಬದಲು ಕ್ರೆಡಿಟ್ಟೆಂದೂ ಬಣ್ಣದ ಬದಲು ದರ್ಜೆಯೆಂದೂ ಓದಿಕೊಂಡರೆ ಇದು ಸಾಕ್ಷಾತ್ ಎಸ್.ಜಿ.ಪಿ.ಎ.ಯೇ! ತೂಕದ ಒಟ್ಟು ಕೂಡ ನಮ್ಮ ಮಗಳ ಸೆಮಿಸ್ಟರಿನಂತೆ ಇಪ್ಪತ್ತೇ ಆಗಿದ್ದುದನ್ನು ಕಂಡು ಅವಳು ಎಷ್ಟೋ ದಿನಗಳ ಮೇಲೆ ನಕ್ಕಳು. ಭಾಸ್ಕರನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, ನಮ್ಮ ನಾಡನ್ನಾಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿಯೂ ಚಿನ್ನದ ಬೆರಕೆಯ ಲೆಕ್ಕಗಳಿವೆ. ಅಕ್ಕಸಾಲಿಗನ ಚೀಟಿಯೆಂದು ನಮ್ಮ ಗೃಹಿಣಿಯು ಭ್ರಮಿಸಿದುದು ಭ್ರಮೆಯಲ್ಲವೆಂದು ಆಗ ಒಪ್ಪಿಕೊಳ್ಳಬೇಕಾಯಿತು.

ಈ ಹೋಲಿಕೆ ಬರಿಯ ವಿನೋದಕ್ಕಲ್ಲ. ಬೆರಕೆಯ ಲೆಕ್ಕವೆಂದು ತಿಳಿದ ಕೂಡಲೇ ಇದರ ಸ್ವಭಾವವೂ ತಿಳಿಯುತ್ತದೆ. ಕೊಪ್ಪರಿಗೆಗೆ ಬಿದ್ದ ಚಿನ್ನವನ್ನು ಹಿಂದಕ್ಕೆ ತೆಗೆಯಲಾಗದು; ಇನ್ನು ಹಾಕಲಿರುವ ಚಿನ್ನ ಮಾತ್ರ ನಮ್ಮ ಕೈಯಲ್ಲಿದೆ. ಎಷ್ಟು ತೂಕ ಉಳಿದಿದೆ, ಅದು ಎಂಥ ಬಣ್ಣದ್ದಾಗಬೇಕು ಎಂಬುದನ್ನು ಮುಂಚಿತವಾಗಿಯೇ ಗುಣಿಸಿ ನೋಡಬಹುದು. ಮಗಳ ಕಾಗದದ ೭.೬೩ ಎಂಬ ಅಂಕೆಯ ಅರ್ಥ ಇದೇ. ಆರು ಸೆಮಿಸ್ಟರುಗಳಿಗೆ ೧೨೦ ಕ್ರೆಡಿಟ್ಟು. ಏಳರ ಸರಾಸರಿ ಬರಬೇಕಾದರೆ ಗುಣಲಬ್ಧ ೮೪೦ ಆಗಬೇಕು. ಕೈಯಲ್ಲಿರುವುದು ೩೮೨. ಉಳಿದ ೪೫೮ನ್ನು ಉಳಿದ ಅರವತ್ತು ಕ್ರೆಡಿಟ್ಟುಗಳಿಂದ ಸಂಪಾದಿಸಬೇಕು. ಭಾಗಿಸಿದರೆ ೭.೬೩ಕ್ಕೆ ತುಸು ಮೇಲೆ.

ಅವಳು ಈ ಅಂಕೆಯನ್ನು ಕಂಡು ಎದೆಗುಂದಿದ್ದಳು. ನಾವು ಅದೇ ಲೆಕ್ಕವನ್ನು ಇನ್ನೊಂದು ವಿಧವಾಗಿ ಮಾಡೆಂದೆವು. ಈಗ ಏನೂ ಬದಲಾಯಿಸದೆ, ನಾಲ್ಕನೆಯ ಮತ್ತು ಐದನೆಯ ಸೆಮಿಸ್ಟರುಗಳಲ್ಲಿಯೂ ೬.೪೦ರಂತೆಯೇ ಬಂದರೆ ಏನಾದೀತು? ಗುಣಲಬ್ಧ ೬೩೮ ಆಗುತ್ತದೆ. ಆಗ ಆರನೆಯ ಸೆಮಿಸ್ಟರೊಂದರಲ್ಲಿಯೇ ೨೦೨ ಬೇಕು. ಇಪ್ಪತ್ತರಿಂದ ಭಾಗಿಸಿದರೆ ಹತ್ತಕ್ಕೆ ಮೇಲೆ ದಶಾಂಶ ಒಂದು. ಹತ್ತಕ್ಕೆ ಮೇಲೆ ದರ್ಜೆಯೇ ಇಲ್ಲವಷ್ಟೆ! ಬ್ರಹ್ಮನೇ ಬಂದು ಪರೀಕ್ಷೆಗೆ ಕುಳಿತರೂ ಆಗದು. ಇಂದು ೭.೬೩ ಎಂದರೆ ಕಷ್ಟಸಾಧ್ಯ. ಒಂದು ವರ್ಷ ತಡೆದರೆ ಅಸಾಧ್ಯ. “ಇದು ನಿನ್ನನ್ನು ಹೆದರಿಸುವ ಅಂಕೆಯಲ್ಲ. ಬಾಗಿಲು ಇನ್ನೂ ತೆರೆದಿದೆಯೆಂದು ಹೇಳುವ ಅಂಕೆ. ಒಂದು ವರ್ಷ ಕಳೆದ ಮೇಲೆ ಇದೇ ಲೆಕ್ಕವನ್ನು ಮಾಡಿದ್ದರೆ ಆಗ ಅಳಬೇಕಾಗುತ್ತಿತ್ತು” ಎಂದೆವು.

ಇಲ್ಲಿ ನಮ್ಮ ಹಳೆಯ ತಪ್ಪೊಂದನ್ನು ಹೇಳಿಕೊಳ್ಳದೆ ಮುಂದುವರಿಯಲು ಮನಸ್ಸು ಬಾರದು. ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಅಭ್ಯಾಸವನ್ನು ನಾವು ಇಟ್ಟುಕೊಂಡಿದ್ದೆವು. ಅದೂ ಕೆಳಗಿನಿಂದ ಮೇಲಕ್ಕೆ. ಹಾಗೆ ಓದಿದರೆ ಹುಡುಗರಿಗೆ ಛಲ ಹುಟ್ಟುತ್ತದೆಂದು ನಮ್ಮ ನಂಬಿಕೆ. ಒಂದು ವರ್ಷ ಹತ್ತನೆಯ ತರಗತಿಯಲ್ಲಿ ಮೊದಲು ಓದಿದ ಹೆಸರು ಒಬ್ಬ ಮೌನಿಯಾದ ಹುಡುಗನದು. ನೂರಕ್ಕೆ ಇಪ್ಪತ್ತೆಂಟು. ತರಗತಿ ನಕ್ಕಿತು, ನಾವೂ ಒಂದು ಮಾತು ಸೇರಿಸಿದೆವು. ಮಾರನೆಯ ವಾರದಿಂದ ಹುಡುಗ ಬರಲಿಲ್ಲ. ತಿಂಗಳಾದ ಮೇಲೆ ಅವನ ಮನೆಯನ್ನು ಹುಡುಕಿಕೊಂಡು ಹೋದಾಗ, ದೂರದ ಪಟ್ಟಣದ ಹೋಟೆಲಿನ ಕೆಲಸಕ್ಕೆ ಹೊರಟುಹೋದನೆಂದು ಅವನ ತಾಯಿ ಹೇಳಿದಳು. ತಿರುಗಿ ಬಂದು ಅವನ ಉತ್ತರಪತ್ರಿಕೆಯನ್ನು ತೆಗೆದು ನೋಡಿದೆವು. ವ್ಯಾಕರಣದ ಭಾಗದಲ್ಲಿ ಸೊನ್ನೆ. ಗದ್ಯಪದ್ಯಗಳ ಅರ್ಥದಲ್ಲಿ ಬಹುಮಟ್ಟಿಗೆ ಪೂರ್ತಿ. ಸಂಧಿ ಸಮಾಸಗಳನ್ನು ಎರಡು ತಿಂಗಳು ಸಾಯಂಕಾಲ ಹೇಳಿಕೊಟ್ಟಿದ್ದರೆ ಆ ಇಪ್ಪತ್ತೆಂಟು ಐವತ್ತಾಗುತ್ತಿತ್ತು. ನಾವು ಒಟ್ಟು ಮೊತ್ತವನ್ನು ಓದಿದೆವು, ಲೆಕ್ಕವನ್ನು ಓದಲಿಲ್ಲ. ಅಂದಿನಿಂದ ತರಗತಿಯಲ್ಲಿ ಅಂಕಗಳನ್ನು ಗಟ್ಟಿಯಾಗಿ ಓದುವುದನ್ನು ಬಿಟ್ಟೆವು. ಆದರೆ ಹುಡುಗ ತಿರುಗಿ ಬರಲಿಲ್ಲ. “ಇಲ್ಲಿಗೇ ಬಿಟ್ಟು ಕೆಲಸಕ್ಕೆ ಸೇರಲೇ” ಎಂಬ ಮಾತು ನಮ್ಮ ಮಗಳ ಬಾಯಿಂದಲೇ ಬಂದಾಗ ನಮಗೆ ಕೇಳಿಸಿದ್ದು ಎರಡು ದನಿಗಳು. ಮೂರು ಸೆಮಿಸ್ಟರು ಬರಿಯ “ಪಾಸಾಯಿತೆ?” ಎಂದು ಕೇಳಿ ತೃಪ್ತರಾದ ನಾವು, ಅದೇ ತಪ್ಪನ್ನು ಮನೆಯೊಳಗೆ ಇನ್ನೊಂದು ರೂಪದಲ್ಲಿ ಮಾಡಿದ್ದೆವು.

ಆದಕಾರಣ ಮೂರನೆಯ ಸಂಜೆ ಪಟ್ಟಿಯನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಓದಿದೆವು. ಓದುತ್ತ ಹೋದಂತೆ ಕೆಲವು ಸೂಕ್ಷ್ಮಗಳು ಹೊರಬಿದ್ದವು. ಮೊದಲನೆಯದು ತೂಕದ ವಿಚಾರ. ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ ಒಂದು ದರ್ಜೆ ಮೇಲಕ್ಕೇರಿದರೆ ಆ ಸೆಮಿಸ್ಟರಿನ ಸರಾಸರಿ ೦.೨೦ ಏರುತ್ತದೆ. ಒಂದು ಕ್ರೆಡಿಟ್ಟಿನದರಲ್ಲಿ ಏರಿದರೆ ಬರಿಯ ೦.೦೫. ಮಗಳು ಪ್ರಯೋಗಶಾಲೆಯ ದಾಖಲೆಪುಸ್ತಕಕ್ಕೆ ಬಣ್ಣ ಬಣ್ಣದ ಚಿತ್ರಗಳನ್ನು ಬರೆಯುತ್ತ ರಾತ್ರಿಗಳನ್ನು ಕಳೆದು, ಗಣಿತಕ್ಕೆ ಪರೀಕ್ಷೆಯ ಹಿಂದಿನ ವಾರ ಮಾತ್ರ ಕೈ ಹಾಕುತ್ತಿದ್ದಳಂತೆ.

ಎರಡನೆಯದು ಎಲ್ಲೆಯ ವಿಚಾರ. ಅವಳ ಕಾಲೇಜಿನಲ್ಲಿ ಎಪ್ಪತ್ತರಿಂದ ಎಪ್ಪತ್ತೊಂಬತ್ತರ ವರೆಗೆ ಬಂದವರಿಗೆಲ್ಲ ಅಂಶ ೮. ಅರವತ್ತೊಂಬತ್ತು ಬಂದರೆ ೭. ಎಪ್ಪತ್ತೊಂದಕ್ಕೂ ಎಪ್ಪತ್ತೊಂಬತ್ತಕ್ಕೂ ಭೇದವಿಲ್ಲ; ಅರವತ್ತೊಂಬತ್ತಕ್ಕೂ ಎಪ್ಪತ್ತಕ್ಕೂ ಒಂದು ಪೂರ್ಣ ದರ್ಜೆಯ ಭೇದ. ಮೂರು ಸೆಮಿಸ್ಟರುಗಳಲ್ಲಿ ಐದು ವಿಷಯಗಳಲ್ಲಿ ಅವಳು ಎಲ್ಲೆಯಿಂದ ಎರಡು ಮೂರು ಅಂಕಗಳ ಈಚೆಗೇ ನಿಂತಿದ್ದಳು. ನೂರರಲ್ಲಿ ಐವತ್ತು ಅಂಕಗಳು ಅಲ್ಲಿ ತರಗತಿಯ ಕಿರುಪರೀಕ್ಷೆಗಳಿಂದಲೂ ಒಪ್ಪಿಸುವ ಬರೆಹಗಳಿಂದಲೂ ಬರತಕ್ಕವು. ಆ ಎರಡು ಮೂರು ಅಂಕಗಳು ದೊಡ್ಡ ಪರೀಕ್ಷೆಯ ದಿನ ಹೋದವಲ್ಲ. ಯಾವುದೋ ಮಂಗಳವಾರ ಒಪ್ಪಿಸದೆ ಬಿಟ್ಟ ಬರೆಹದಲ್ಲಿ ಹೋದವು.

ಮೂರನೆಯದು ನಪಾಸಿನ ವಿಚಾರ. ಅದು ನಮ್ಮ ಮಗಳಿಗೆ ಒದಗಲಿಲ್ಲವಾದರೂ ತಿಳಿದಿರತಕ್ಕದ್ದು. ಮೊದಲನೆಯ ಸೆಮಿಸ್ಟರಿನ ಗಣಿತದಲ್ಲಿ ಐದರ ಬದಲು ಸೊನ್ನೆ ಬಂದಿದ್ದರೆ ಗುಣಲಬ್ಧ ೧೧೨ಕ್ಕೆ ಇಳಿದು ಸರಾಸರಿ ೬.೬೦ರಿಂದ ೫.೬೦ ಆಗುತ್ತಿತ್ತು. ಒಂದೇ ವಿಷಯ ಒಂದು ಪೂರ್ಣ ಅಂಶವನ್ನು ತಿಂದುಹಾಕುತ್ತದೆ. ಆದುದರಿಂದ ಹಳೆಯ ಬಾಕಿಯನ್ನು ತೀರಿಸುವುದು ಹೊಸ ಹೊಳಪನ್ನು ಸಂಪಾದಿಸುವುದಕ್ಕಿಂತ ಮೊದಲಿನ ಕೆಲಸ.

ನಾಲ್ಕನೆಯದು ಅಂಶವನ್ನು ಶೇಕಡಾವಾರಿಗೆ ತಿರುಗಿಸುವ ವಿಚಾರ. ಇದರಲ್ಲಿ ಗೃಹಸ್ಥರು ಎಚ್ಚರದಿಂದಿರಬೇಕು. ಕೇಂದ್ರೀಯ ಮಂಡಲಿಯ ಹತ್ತನೆಯ ತರಗತಿಗೆ ೨೦೧೦ರಿಂದ ೨೦೧೭ರ ವರೆಗೆ ದರ್ಜೆಯ ಕ್ರಮವಿದ್ದಾಗ, ಅಂಶವನ್ನು ೯.೫ರಿಂದ ಗುಣಿಸಬೇಕೆಂದಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ೨೦೧೫ರ ಯೋಜನೆಯಲ್ಲಿ ಅಂಶದಿಂದ ಮುಕ್ಕಾಲನ್ನು ಕಳೆದು ಹತ್ತರಿಂದ ಗುಣಿಸಬೇಕೆಂದಿತ್ತು. ನೇರವಾಗಿ ಹತ್ತರಿಂದಲೇ ಗುಣಿಸುವವರೂ ಉಂಟು. ೬.೪೦ ಎಂಬ ಒಂದೇ ಅಂಶವು ಮೊದಲನೆಯ ರೀತಿಯಿಂದ ೬೦.೮, ಎರಡನೆಯದರಿಂದ ೫೬.೫, ಮೂರನೆಯದರಿಂದ ೬೪ ಆಗುತ್ತದೆ. ಒಂದು ನಿಯಮದಲ್ಲಿ ಪ್ರಥಮ ದರ್ಜೆ, ಇನ್ನೊಂದರಲ್ಲಿ ದ್ವಿತೀಯ! ಹುಡುಗಿ ಒಬ್ಬಳೇ, ಓದು ಒಂದೇ. ಆದುದರಿಂದ ಅರ್ಜಿಯಲ್ಲಿ ಶೇಕಡಾವಾರನ್ನು ಬರೆಯುವಾಗ ಮಕ್ಕಳು ತಮ್ಮ ವಿಶ್ವವಿದ್ಯಾಲಯವು ತಮ್ಮ ಯೋಜನೆಗೆ ಗೊತ್ತುಮಾಡಿರುವ ನಿಯಮವನ್ನೇ ನೋಡಿ ಬರೆಯಬೇಕು. ನೆರೆಮನೆಯ ಹುಡುಗನ ಅಂಶಕ್ಕೂ ನಮ್ಮ ಮನೆಯ ಹುಡುಗಿಯ ಅಂಶಕ್ಕೂ ಹೋಲಿಕೆ ಮಾಡುವ ತಾಯಿತಂದೆಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಎರಡು ತಕ್ಕಡಿಗಳ ಕಲ್ಲು ಬೇರೆಯಾದರೆ ತೂಕವನ್ನು ಹೋಲಿಸುವುದು ವ್ಯರ್ಥ.

ಇಷ್ಟನ್ನೂ ಕೇಳಿದ ಮಗಳು ಒಂದು ಉಪಾಯವನ್ನು ಹೇಳಿದಳು. ಐದನೆಯ ಸೆಮಿಸ್ಟರಿನಿಂದ ಕೆಲವು ವಿಷಯಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಬಹುದು. ಅವಳ ಮನಸ್ಸು ಹೋಗಿರುವುದು ಒಂದು ಕಠಿಣವಾದ ವಿಷಯದ ಮೇಲೆ. ಆದರೆ ಅದೇ ಮೂರು ಕ್ರೆಡಿಟ್ಟಿಗೆ ಸುಲಭವಾಗಿ ಒಂಬತ್ತು ಬರುವ ಇನ್ನೊಂದು ವಿಷಯವಿದೆಯೆಂದೂ, ಅನೇಕರು ಅದನ್ನೇ ಹಿಡಿಯುತ್ತಾರೆಂದೂ ತಿಳಿಸಿದಳು. ಲೆಕ್ಕದ ದೃಷ್ಟಿಯಿಂದ ಆ ಮಾತು ನಿಜ. ಏಳರ ಬದಲು ಒಂಬತ್ತು ಬಂದರೆ ಗುಣಲಬ್ಧಕ್ಕೆ ಆರು ಸೇರುತ್ತದೆ; ೧೨೦ ಕ್ರೆಡಿಟ್ಟುಗಳ ಮೇಲೆ ಅದು ೦.೦೫. ನಾವು ಬೇಡವೆನ್ನಲೂ ಇಲ್ಲ, ಆಗಲೆನ್ನಲೂ ಇಲ್ಲ. “೦.೦೫ರ ಬೆಲೆಗೆ ನೀನು ಮಾರುತ್ತಿರುವುದು ಏನೆಂಬುದನ್ನು ಮಾತ್ರ ನೋಡಿಕೋ” ಎಂದೆವು. ಬಾಗಿಲನ್ನು ದಾಟಲು ಅಷ್ಟೇ ಕೊರತೆಯಾದರೆ ಅದನ್ನು ಹಿಡಿಯುವುದು ದೋಷವಲ್ಲ. ಆದರೆ ಎಲ್ಲ ವಿಷಯಗಳನ್ನೂ ಹಾಗೆಯೇ ಆರಿಸುವವನು ಬಣ್ಣವನ್ನು ಕೊಂಡು ಚಿನ್ನವನ್ನು ಬಿಟ್ಟವನಾಗುತ್ತಾನೆ. ಬಾಗಿಲಿನ ಒಳಗೆ ಹೋದ ಮೇಲೆ ಒರೆಗೆ ಹಚ್ಚುವವರು ಬೇರೆ ಇರುತ್ತಾರೆ.

ಕೊನೆಯದಾಗಿ ಭಾಸ್ಕರನ ಉದಾಹರಣೆಯ ಎರಡನೆಯ ಭಾಗವನ್ನು ಅವಳಿಗೆ ತೋರಿಸಿದೆವು. ಅದೇ ಇಪ್ಪತ್ತು ಮಾಷ ಚಿನ್ನವನ್ನು ಪುಟಕ್ಕೆ ಹಾಕಿದಾಗ ಕಲ್ಮಷ ಸುಟ್ಟು ಹದಿನಾರು ಮಾಷ ಉಳಿಯಿತು, ಈಗ ಬಣ್ಣವೆಷ್ಟು? ೨೪೦ನ್ನು ೧೬ರಿಂದ ಭಾಗಿಸಬೇಕು; ಬಣ್ಣ ೧೫. ಹೊಸ ಚಿನ್ನ ಒಂದು ಗುಲಗಂಜಿಯಷ್ಟೂ ಸೇರಲಿಲ್ಲ, ಇದ್ದುದೇ ಶುದ್ಧವಾಯಿತು. ಮಗಳು ಕೂಡಲೇ ಆಕ್ಷೇಪವೆತ್ತಿದಳು: “ಅಪ್ಪಾ, ನಮ್ಮ ಲೆಕ್ಕದಲ್ಲಿ ಇದಿಲ್ಲ. ಅರವತ್ತು ಕ್ರೆಡಿಟ್ಟು ಅರವತ್ತೇ. ಮೊದಲನೆಯ ಸೆಮಿಸ್ಟರಿನ ಗಣಿತದ ಐದು ಕೊನೆಯ ವರೆಗೂ ಐದೇ.” ಅವಳ ಮಾತು ಸರಿ. ಸಿ.ಜಿ.ಪಿ.ಎ. ಎಂಬುದು ಬೆರಕೆಯ ಲೆಕ್ಕವನ್ನು ಮಾತ್ರ ಬಲ್ಲದು. ಪುಟದ ಲೆಕ್ಕ ಅದಕ್ಕೆ ತಿಳಿಯದು. ಆದರೆ ವಿದ್ಯೆಗೆ ತಿಳಿಯುತ್ತದೆ. ನಾಲ್ಕನೆಯ ಸೆಮಿಸ್ಟರಿನ ಗಣಿತಕ್ಕೆ ಮೊದಲನೆಯ ಸೆಮಿಸ್ಟರಿನ ಗಣಿತವೇ ಅಡಿಗಲ್ಲು. ಆ ಹಳೆಯ ಪುಸ್ತಕವನ್ನು ಈಗ ತಿರುಗಿ ಓದಿ ಅರ್ಥಮಾಡಿಕೊಂಡರೆ ಪಟ್ಟಿಯಲ್ಲಿನ ಐದು ಹಾಗೆಯೇ ಉಳಿಯಬಹುದು, ಆದರೆ ತಲೆಯಲ್ಲಿನ ಐದು ಹಾಗೆಯೇ ಉಳಿಯುವುದಿಲ್ಲ. ಮುಂದಿನ ಬೆರಕೆಗೆ ಬೀಳುವ ಚಿನ್ನದ ಬಣ್ಣ ಅಲ್ಲಿಂದಲೇ ಬರತಕ್ಕದ್ದು.

‘ಲೀಲಾವತಿ’ ಎಂಬುದು ಭಾಸ್ಕರನ ಮಗಳ ಹೆಸರೆಂದೂ, ಅವಳ ದುಃಖವನ್ನು ಮರೆಯಿಸಲು ತಂದೆ ಈ ಗಣಿತವನ್ನು ಬರೆದನೆಂದೂ ಒಂದು ಐತಿಹ್ಯವುಂಟು. ೧೫೮೭ರಲ್ಲಿ ಗ್ರಂಥವನ್ನು ಪಾರಸಿಗೆ ತಿರುಗಿಸಿದ ಫೈಜಿಯು ಅದನ್ನು ಹೇಳಿದ್ದಾನೆ. ಐತಿಹ್ಯ ನಿಜವೋ ಕಲ್ಪನೆಯೋ, ಒಬ್ಬ ಮಗಳ ಕಣ್ಣೀರನ್ನು ಲೆಕ್ಕದಿಂದ ಒರೆಸಬಹುದೆಂಬುದನ್ನು ನಮ್ಮ ಜಗಲಿಯ ಮೇಲೆ ನಾವು ಕಂಡೆವು.

ಮಗಳು ಹಬ್ಬ ಮುಗಿಸಿ ಹೊರಡುವಾಗ ಸಂಡಿಗೆ ಹಪ್ಪಳಗಳ ಗಂಟಿನ ಜೊತೆಗೆ ಮೊದಲನೆಯ ಸೆಮಿಸ್ಟರಿನ ಗಣಿತದ ಪುಸ್ತಕವನ್ನೂ ಕಟ್ಟಿಕೊಂಡಳು. ಬಿಡುವ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಭಾನುವಾರದ ದೂರವಾಣಿಯಲ್ಲಿ ನಾವು ಪಾಸು ನಪಾಸಿನ ಪ್ರಶ್ನೆಯನ್ನು ಬಿಟ್ಟು, “ಈ ವಾರ ಯಾವ ಬರೆಹವನ್ನು ಒಪ್ಪಿಸಿದೆ? ಯಾವ ಪಾಠ ಕಷ್ಟವಾಯಿತು?” ಎಂದು ಕೇಳಲು ಕಲಿತೆವು. ಉತ್ತರಗಳಲ್ಲಿ ಅರ್ಧ ನಮಗೆ ತಿಳಿಯುವುದಿಲ್ಲ. ಆದರೂ ಅವಳು ಹೇಳುತ್ತಾಳೆ, ನಾವು ಕೇಳುತ್ತೇವೆ.

ನವರಾತ್ರಿಯಲ್ಲಿ ಸರಸ್ವತೀಪೂಜೆಯ ಹಿಂದಿನ ಸಂಜೆ ದೂರವಾಣಿ ಬಂತು. ನಾವು ಕೇಳುವ ಮೊದಲೇ ಅವಳು ಹೇಳಿದಳು: “ಅಪ್ಪಾ, ನಾಲ್ಕನೆಯದರಲ್ಲಿ ೭.೪೫. ಬೇಕಾದಷ್ಟು ಆಗಲಿಲ್ಲ.” ನಾವು ಪಂಚಾಂಗದ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಗುಣಲಬ್ಧ ೧೪೯, ಒಟ್ಟು ೫೩೧, ಎಂಬತ್ತರಿಂದ ಭಾಗಿಸಿದರೆ ೬.೬೪. ಇನ್ನು ನಲವತ್ತು ಕ್ರೆಡಿಟ್ಟುಗಳಿಂದ ೩೦೯ ಬರಬೇಕು. “೭.೭೩ ಬೇಕಾಗುತ್ತದೆ” ಎಂದೆವು. “ಗೊತ್ತು, ನಾನು ಆಗಲೇ ಲೆಕ್ಕ ಮಾಡಿದ್ದೇನೆ” ಎಂದಳು. ಗಣಿತದಲ್ಲಿ ಎಷ್ಟು ಬಂತೆಂದು ಅವಳ ತಾಯಿ ಕೇಳಿದಳು. ಎಂಟು ಬಂದಿತ್ತು.

ಏಳು ಆಗುತ್ತದೆಯೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೆ ನಾವರಿಯೆವು. ಆ ಅಂಕೆಯನ್ನು ನಮ್ಮಿಂದ ಬಚ್ಚಿಡಬೇಕೆಂದು ಮಗಳಿಗೆ ಈಗ ತೋರುವುದಿಲ್ಲ ಎಂಬುದನ್ನು ಮಾತ್ರ ಬಲ್ಲೆವು. ಮಾರನೆಯ ದಿನ ಪುಸ್ತಕಗಳನ್ನು ಪೂಜೆಗೆ ಇಡುವಾಗ ನಮ್ಮ ಗೃಹಿಣಿಯು ‘ಲೀಲಾವತಿ’ಯ ಕೆಳಗೆ ಆ ಮಡಿಸಿದ ಕಾಗದವನ್ನೂ ಇಟ್ಟಿದ್ದಳು.